ಅರ್ತ್

ಹಮ್ಮಬ್ಬನ ಮೀನಿನ ಗಾಡಿ ಮೂರನೇ ಸಲ ಬಂದಾಗ
ಬಾಗಿಲು ತೆಗೆದ ಕೂಡಲೇ ಗೊತ್ತಾಯಿತು ನನಗೆ:
ಬಂಗುಡೆ ವಾಸನೆಯ ಅಡಿಯಲ್ಲಿ ಇನ್ನೊಂದು,
ಸಿಹಿ ಸಿಹಿ, ಕಾದ ಕೂಲೆಂಟಿನದು.
ಗಾಜಿನ ಒಳಮೈಗೆ ಎಣ್ಣೆಯಂಥ ಮಬ್ಬು,
ಕ್ಲಚ್ಚಿನ ಬುಡದ ಮ್ಯಾಟು ಹಿಂಡಿದರೆ ಹಸಿರು ನೀರು.

"ಮಂಗಳೂರಲ್ಲಿ ಹೀಟರ್ ಯಾರಿಗೆ ಮಾರಾಯ?"
ಕೂಳೂರಿನ ಈ ಶೆಡ್ಡಿನಲ್ಲಿ ಎಲ್ಲರೂ ನಗುತ್ತಾರೆ.
ಹಮ್ಮಬ್ಬ ನಗುವುದಿಲ್ಲ.
ಬೆನ್ನ ಹಿಂದೆ ಇಪ್ಪತ್ತು ಪೆಟ್ಟಿಗೆ ಐಸು,
ರಾತ್ರಿ ಎರಡಕ್ಕೆ ಚಾರ್ಮಾಡಿಯ ತಿರುವಿನಲ್ಲಿ
ಮಂಜು ಬಂದು ಗಾಜಿಗೆ ಕೂತರೆ
ಕೆಳಗೆ ಎಂತ ಉಂಟೆಂದು ಅವನಿಗೆ ಗೊತ್ತು.

ಡ್ಯಾಶ್‌ಬೋರ್ಡ್ ಬಿಚ್ಚಲು ಒಂದು ಹಗಲು ಬೇಕು.
ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ
ಹಳೇ ಕ್ಯಾಲೆಂಡರಿನ ತಾರೀಕುಗಳ ಮೇಲೆ ಇಡುತ್ತೇನೆ;
ಮೂವತ್ತೊಂದು ಮುಗಿದು ಮುಂದಿನ ತಿಂಗಳಿಗೂ ಹೋಗುತ್ತದೆ.
ಹೀಟರ್ ಕೋರ್ ಕೈಗೆ ಬಂತು, ಬೆಳಕಿಗೆ ಹಿಡಿದೆ:
ಸೂಜಿತೂತು, ಐದಾರು,
ಮೊದಲಿನ ಎರಡಕ್ಕೂ ಬಿದ್ದ ಜಾಗದಲ್ಲೇ.

ಮೊದಲ ಸಲ ಕಂಪೆನಿಗೆ ಬೈದಿದ್ದೆ:
ಡೂಪ್ಲಿಕೇಟ್ ಮಾಲು.
ಎರಡನೇ ಸಲ ಹಮ್ಮಬ್ಬನಿಗೆ:
ಬಂದರಿನ ಉಪ್ಪುಬಾವಿಯ ನೀರು ಹೊಯ್ದೆಯಾ?
ಅಲ್ಲಾಹನಾಣೆ ಇಲ್ಲ, ಅಂದ. ನಾನು ನಂಬಲಿಲ್ಲ.
ಕ್ಯಾಪು ಬದಲಿಸಿದೆ, ಹೋಸು ಬದಲಿಸಿದೆ,
ಕೂಲಿ ಪೂರ್ತಿ ತೆಗೆದುಕೊಂಡೆ.
ಮೂರನೇ ಸಲ ಬೈಯಲು ಯಾರೂ ಉಳಿದಿರಲಿಲ್ಲ.

ಆಗ ಕರೆಸಿದ್ದು ವಯರಿಂಗಿನ ಲಿಗೋರಿ ಪೊರ್ಬುಗಳನ್ನು.
ಎಪ್ಪತ್ತು ದಾಟಿದೆ, ಕನ್ನಡಕದ ಒಂದು ಕಾಲು
ಬರೀ ಇನ್ಸುಲೇಷನ್ ಟೇಪು.
ಏನೂ ಕೇಳಲಿಲ್ಲ. ಮೀಟರಿನ ಕರಿ ವಯರು ಬ್ಯಾಟರಿಗೆ,
ಕೆಂಪಿನ ತುದಿ ರೇಡಿಯೇಟರಿನ ಬಾಯಿಗೆ,
ಬರೀ ನೀರಿಗೆ, ಲೋಹಕ್ಕೆ ಎಲ್ಲೂ ತಾಗದ ಹಾಗೆ.
ಮಗುವಿನ ಜ್ವರ ನೋಡುವವರಂತೆ ಕಾದರು.
"ಸೆಲ್ಫ್ ಹೊಡಿ" ಅಂದರು.
ಹೊಡೆದೆ.
ಮುಳ್ಳು ಎದ್ದು ಒಂದೂವರೆಗೆ ಹೋಯಿತು.

ನೀರಲ್ಲಿ ಕರೆಂಟು!
"ಅದಕ್ಕೂ ಮನೆಗೆ ಹೋಗಬೇಕಲ್ಲ," ಅಂದರು ಲಿಗೋರಿ,
"ದಾರಿ ಇಲ್ಲದಿದ್ದರೆ ಈಜಿಯಾದರೂ ಹೋಗ್ತದೆ,
ಹೋಗುವಾಗ ಸಿಕ್ಕಿದ್ದನ್ನು ತಿಂತದೆ.
ಈ ಗಾಡಿಗೆ ಅರ್ಥ ಇಲ್ಲ ಮಾರಾಯ."
ಅರ್ತ್ ಎಂಬುದು ಅವರ ಬಾಯಲ್ಲಿ ಅರ್ಥವೇ,
ಐವತ್ತು ವರ್ಷದಿಂದ.

ಟಾರ್ಚು ಹಿಡಿದು ಅಡಿಗೆ ನುಗ್ಗಿದೆ.
ಗೇರ್‌ಬಾಕ್ಸಿನ ಪಕ್ಕ, ಚಾಸಿಗೆ ಸೇರಬೇಕಾದ
ಹೆಣೆದ ತಾಮ್ರದ ಪಟ್ಟಿ
ಒಣಗಲು ಹಾಕಿ ಮರೆತ ಮೀನಿನಂತೆ ನೇತಾಡುತ್ತಿತ್ತು.
ಅದರ ಬೋಲ್ಟು ತುಕ್ಕಿಗೆ ತುಂಡಾದದ್ದು
ಕಳೆದ ಮಳೆಗಾಲ, ಕ್ಲಚ್ ಪ್ಲೇಟ್ ಹಾಕುವಾಗ,
ಇದೇ ಹದಿಮೂರರ ಸ್ಪ್ಯಾನರಿನಲ್ಲಿ.
ಆ ಕಡೆ ಇನ್ನೊಂದು ಸಣ್ಣದು ಉಂಟಲ್ಲ, ಸಾಕು,
ಅಂದದ್ದು ನಾನೇ.
ಕತ್ತಲಾಗಿತ್ತು. ಹಸಿವೂ ಆಗಿತ್ತು.

ಹೊಸ ಬೋಲ್ಟು, ಉಪ್ಪುಕಾಗದ, ಬೆರಳಷ್ಟು ಗ್ರೀಸು.
ಮತ್ತೆ ಸೆಲ್ಫ್ ಹೊಡೆದರೆ
ಮುಳ್ಳು ಸೊನ್ನೆಯ ಹತ್ತಿರ ಕೂತದ್ದು ಏಳಲಿಲ್ಲ.
ಹದಿನೆಂಟು ರೂಪಾಯಿಯ ಕೆಲಸ.

ಲಿಗೋರಿ ವಯರು ಸುತ್ತುತ್ತಿದ್ದಾರೆ, ಬೇಕೆಂದೇ ನಿಧಾನ,
ನನ್ನ ಮುಖ ನೋಡದೆ.
ಬೆಂಚಿನಲ್ಲಿ ಚಹಾ ಊದುತ್ತಾ ಹಮ್ಮಬ್ಬ ಕೇಳುತ್ತಾನೆ,
"ಎಂತಂತೆ?"

ಕ್ಯಾಲೆಂಡರಿನ ಮೇಲೆ ಸ್ಕ್ರೂಗಳು ಸಾಲಾಗಿ ಕೂತಿವೆ.
ಕೊನೆಗೆ ಬಿಚ್ಚಿದ್ದನ್ನು ಮೊದಲು ಹಾಕಬೇಕು, ಅದು ಕ್ರಮ.
ಇದಕ್ಕೆ ಆ ಕ್ರಮ ಆಗುವುದಿಲ್ಲ.
ಕೈ ಒರೆಸಿಕೊಂಡು ಅವನ ಪಕ್ಕ ಕೂತೆ.
"ಕಳೆದ ಮಳೆಗಾಲದಲ್ಲಿ, ಹಮ್ಮಬ್ಬ,
ನೀನು ಕ್ಲಚ್ಚಿಗೆಂದು ಬಂದಿದ್ದೆ ನೋಡು…"