ಉಸುಕು

ಶನಿವಾರ ಸಂಜಿ ದಾವಲಸಾಬನ ಅಂಗಡಿಯಿಂದ
ಪ್ಲಾಸ್ಟಿಕ್ ಚೀಲದಾಗ ತರತೀನಿ
ಇಪ್ಪತ್ತು ರೂಪಾಯಿ ಹುಳ.
ದೂರಿಂದ ನೋಡಿದರ ಇಲಕಲ್ಲ ಸೆರಗಿನ
ಕೆಂಪು ರೇಷ್ಮಿ ದಾರದ ಉಂಡಿ.
ಹತ್ತಿರ ಹಿಡಿದರ
ಉಂಡಿ ಉಸಿರಾಡತೈತಿ.

ನವನಗರದ ಕೋರ್ಟಿನ ಎದುರಿಗೆ ನಂದೊಂದು ಝೆರಾಕ್ಸ್ ಅಂಗಡಿ.
ಉತಾರ, ವಾಟ್ನಿ ಪತ್ರ, ಸತ್ತವರ ದಾಖಲೆ,
ಹಾಳಿಗೆ ಎರಡು ರೂಪಾಯಿ.
ಮಶಿನ್ನಿನ ಬಾಜೂಕ ಮೂರು ಫೂಟಿನ ಗಾಜಿನ ತೊಟ್ಟಿ.
ಪಾಳಿಗೆ ನಿಂತವರು ಮೀನು ನೋಡಿಕೋತ
ಅರ್ಧ ನಿಮಿಷ ಕೇಸು ಮರೀತಾರ.

ತಳಕ್ಕ ಮೊದಲು ಹಾಸಿದ್ದು ನೀಲಿ ಹರಳು,
ಮದುವಿ ಮಂಟಪ ಇದ್ದಂಗ.
ತಿಂಗಳೊಪ್ಪತ್ತಿಗೆ ನೀಲಿ ನೀರಿಗಿಳೀತು,
ಕಲ್ಲು ಬೋಳಾದವು.
ಆಮ್ಯಾಲೆ ಲೋಕಾಪುರ ಕಡಿಯ ಬಿಳಿ ಚೂರು.
"ನಿಂಬಿಹಣ್ಣು ಹಿಂಡಿ ನೋಡ್ರಿ" ಅಂದ ದಾವಲಸಾಬ.
ಹಿಂಡಿದೆ.
ಕಲ್ಲು ಬುಸ್ ಅಂತು, ಸೋಡಾ ಬಾಟಲಿಯಂಗ.
"ಸುಣ್ಣ ಅದು. ನಮ್ಮೂರ ನೀರು ಮೊದಲ ಬಿರುಸು,
ಇನ್ನೂ ಬಿರುಸು ಮಾಡತೈತಿ."

ದ್ರಾಕ್ಷಾಯಿಣಿ ಅಂದಳು: "ಗುಂಡಗಲ್ಲು ಹಾಕ್ರಿ,
ದಪ್ಪನ್ನವು, ಬದನಿಕಾಯಿ ಗಾತ್ರದವು."
ಹಾಕಿದೆ. ಯಾಕಂತ ಕೇಳಲಿಲ್ಲ.

ನಮ್ಮ ಮನ್ಯಾಗ ತತ್ತಿಯ ಸುದ್ದಿನೂ ಇಲ್ಲ.
ನಳದ ಕೆಳಗ ನಾನು ಹುಳ ತೊಳೆಯುವಾಗ
ಕರಿ ನೀರು ಹೋಗಿ ತಿಳಿ ನೀರು ಬರೂತನಕ
ಆಕಿ ಗ್ವಾಡಿ ಕಡೆ ಮಾರಿ ಮಾಡಿ ನಿಂತಿರತಾಳ.
"ಸೋಮವಾರ ಬ್ಯಾಡ್ರಿ" ಅಂತಾಳ.
ಮೀನಿಗೆಲ್ಲಿ ಸೋಮವಾರ ಅಂದರ,
"ಹುಳಕ್ಕಾದರೂ ಇರಲಿ."

ಗುಂಡಗಲ್ಲಿನ ಸಂದಿಯೊಳಗ
ಹುಳ ಸರಸರ ಇಳದು ಮಾಯವಾದವು.
ಮೀನಿನ ಬಾಯಿ ಕಲ್ಲಿಗೆ ಬಡಿದು ತಿರುಗಿ ಬಂತು.
ಗಾಜಿನಾಗ ಆಕಿ ಮಾರಿ ಕಂಡಿತು ನನಗ.
ನಗತಿದ್ದಳು, ಕೇಸು ಗೆದ್ದವರಂಗ.

ನಾಲ್ಕನೇ ದಿನ ನೀರು ನಾತ ಹೊಡೀತು.
ಕಲ್ಲು ಎತ್ತಿದರ ಅಡಿಯಲ್ಲಿ ಕರಿ ಕೆಸರು,
ಅದರಾಗ ಬೆಳ್ಳಗಾದ ದಾರದ ತುಣುಕು.
ತಳ ಕೆದರೂ ಎರಡು ಮೀಸಿಮೀನಿಗೂ
ಮೀಸಿ ಸವೆದು ಗೀಟು ಉಳಿದಿತ್ತು.
ಆಕಿ ಒಂದೊಂದ ಕಲ್ಲು ತಾನ ತೊಳದಳು,
ಮೂಗು ಮುಚ್ಚಲಿಲ್ಲ.
"ಉಳೀತಾವ ಅಂದಕೊಂಡಿದ್ದೆ"
ಅಂದದ್ದು ಅಷ್ಟ.

ಬ್ಯಾಸಗಿ. ಹಿನ್ನೀರು ಹಿಂದ ಸರದಿತ್ತು.
ಎರಡು ಬಕೇಟು, ಒಂದು ಹಿಟ್ಟಿನ ಸಾಣಿಗಿ,
ಸ್ಕೂಟರಿನ ಮ್ಯಾಲೆ ಇಬ್ಬರೂ
ಹಳೇ ಬಾಗಲಕೋಟಿ ದಂಡಿಗೆ ಹೋದಿವಿ.
ಆಕಿ ತವರಿನ ಓಣಿ ಅಲ್ಲೇ ಎಲ್ಲೋ, ನೀರಾಗ.
ಆ ಮಾತು ತೆಗೀಲಿಲ್ಲ.
ಉಸುಕು ಅಂಗೈಯಾಗ ಹಾಕಿ ತಿಕ್ಕಿದಳು,
ಕಣ್ಣು ಮುಚ್ಚಿ, ರವಾ ಕೊಳ್ಳುವಾಗಿನಂಗ.
"ಇದು ಚುಚ್ಚಂಗಿಲ್ಲ."
ನಿಂಬಿಹಣ್ಣು ಹಿಂಡಿದೆ. ಸುಮ್ಮನಿತ್ತು.

ಟಿಪ್ಪರಿನಿಂದ ಒಬ್ಬ ಹುಡುಗ ಕೂಗಿ ಕೇಳಿದ,
"ಅಕ್ಕಾರ, ಎರಡು ಬಕೇಟಿನಾಗ
ಯಾರಿಗೆ ಮನಿ ಕಟ್ಟತೀರಿ?"
"ಹುಳಕ್ಕ" ಅಂದಳು.
ಅವ ನಕ್ಕ. ಆಕಿ ನಗಲಿಲ್ಲ.

ಹನ್ನೊಂದು ಸಲ ತೊಳದಿವಿ.
ಎರಡು ಬೆರಳು ದಪ್ಪ ಹಾಸಿ,
ಮ್ಯಾಲೆ ಗಂಗಾಳ ಇಟ್ಟು ನೀರು ಸುರಿವಿದೆ,
ಉಸುಕು ಏಳಬಾರದಂತ.

ಈಗ ಹುಳ ತಲಿ ಒಳಗಿಟ್ಟು, ಬಾಲ ಹೊರಗಿಟ್ಟು
ಕೆಂಪು ಕರಕಿಯಂಗ ತೂಗಾಡತಾವ.
ಮೀಸಿಮೀನು ಮೂಗು ಊರಿ ಉತ್ತಕೋತ ಬರತಾವ,
ಸಿಕ್ಕಿದ್ದನ್ನ ತಿಂತಾವ.
ಸಿಗದಿದ್ದದ್ದು ಅಲ್ಲೇ ಇರತೈತಿ, ಕೊಳಿಯೂದಿಲ್ಲ.
ನ್ಯಾಯ ಅಂತ ನಾ ಇದಕ್ಕ ಅನ್ನೂದಿಲ್ಲ,
ಎದುರಿಗೇ ಕೋರ್ಟು ಐತಿ.

ಹ್ವಾದ ಶನಿವಾರ ಹುನಗುಂದಕ್ಕ ಹೋಗಿ ತಡಾ ಆತು.
ಬಂದು ನೋಡಿದರ ಚೀಲ ಖಾಲಿ,
ನಳದ ಕೆಳಗಿನ ಜಾಲರಿ ಹಸಿ.
"ಕೈ ತೊಳಕೊಂಡೇನಿ, ಊಟಕ್ಕ ಬರ್ರಿ."

ಫಿಲ್ಟರಿನ ಹಿಂದ, ಮೀನು ಹಿಡಿಸದ ಮೂಲಿಯಾಗ
ನಾಲ್ಕೈದು ಕೆಂಪು ಎಳಿ ಇನ್ನೂ ಆಡತಾವ.
ನನಗ ತೋರಿಸಿಲ್ಲ ಆಕಿ.
ಗಾಜಿನ ಮ್ಯಾಲೆ ಅಲ್ಲೇ, ಅದೇ ಎತ್ತರಕ್ಕ,
ಒಂದು ಬೆರಳಿನ ಗುರ್ತು.

ಮುಂಜಾನೆ ಅಂಗಡಿ ತೆರೆದು
ಗಾಜು ಒರಸತೀನಿ,
ಅದೊಂದು ಬಿಟ್ಟು.