ಒಂದಕ್ಕ ಇಪ್ಪತ್ನಾಕು

ಗಿರಣಿಚಾಳದ ದಾವಲಸಾಬ
ಹಗಲೆಲ್ಲಾ ತುಕ್ಕು ಕೆರೀತಾನ,
ನೆಗ್ಗಿದ ಬಾಗಿಲಿಗೆ ಪುಟ್ಟಿ ತುಂಬಿ, ತಿಕ್ಕಿ,
ಏನೂ ಆಗೇ ಇಲ್ಲ ಅನ್ನೂವಂಗ ಮಾಡಿ ಕೊಡ್ತಾನ.

ರಾತ್ರಿ, ಅಂಗೈಯಷ್ಟು ಫಿಯಾಟು.
ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದ ಭಾಗ ಬಿಡಿಸಿ
ಉಗುರಿನಂಥ ಕನ್ನಡಿಗೆ ಕಡ್ಡೀಲೆ ಅಂಟು ಮುಟ್ಟಿಸಿ
ಉಸಿರು ಹಿಡಿದು ಕೂಡಿಸ್ತಾನ.

ಕೆನೆಬಣ್ಣ ಒಣಗಿತು. ಥಳಥಳ, ಶೋರೂಮಿನದು.
‘ಇದು ಅಬ್ಬಾನ ಟ್ಯಾಕ್ಸಿ ಅಲ್ಲ’ ಅಂದ.

ಮೂರು ಕೂದಲಿನ ಕುಂಚ ತಗೊಂಡು
ಗಾಲಿ ಮ್ಯಾಲಿನ ಕಮಾನಿಗೆ ತುಕ್ಕು ಬಳಿದ.
ಎಡಬಾಗಿಲಿಗೆ ಕಾಸಿದ ಮೊಳೀಲೆ ಒಂದು ನೆಗ್ಗು:
ಬಂಕಾಪುರ ಚೌಕದಾಗ ಟಾಂಗಾ ಹಾಯ್ದದ್ದು.
ಒಳಗ, ಯಾರಿಗೂ ಕಾಣದಲ್ಲಿ,
ಹರಿದ ಸೀಟಿಗೆ ಒಂದು ಹೊಲಿಗಿ.

ಮುಂಜಾನೆ ಗಿರಾಕಿ ಎತ್ತಿ ನೋಡಿದ:
‘ಇದರದೂ ಪೇಂಟಿಂಗ್ ಬಾಕಿ ಏನು?’

‘ಇಲ್ರಿ. ನಿನ್ನೆ ಮುಗೀತು.’