ಕೋಟಿನ ಜೇಬಿನ ಚೀಟಿ

ಇವತ್ತು ಸೋಮವಾರ, ಮಸೂರ ಬೇಳೆ.
ಬಂದರಿನಿಂದ ತಂದ ಹಲಗೆ ಒಡೆದು ಒಲೆಗಿಟ್ಟಿದ್ದೇವೆ;
ಮೊಳೆ ಕೀಳುವಷ್ಟರಲ್ಲಿ ಅರ್ಧ ಬೆಳಗು ಹೋಯಿತು.
ಮೊಳೆಯನ್ನೂ ಎಸೆಯುವುದಿಲ್ಲ ಸಾತುರ್ನಿನಾ,
ಡಬ್ಬಿಗೆ ಹಾಕುತ್ತಾಳೆ,
ಯಾರದೋ ಗೋಡೆಗೆ ಬೇಕಾಗುತ್ತದೆ.

ಆಲ್ಟೊ ಹೊಸ್ಪಿಸಿಯೊ. ಕೆಳಗೆ ಕಡಲು, ಮೇಲೆ ಮರಳು.
ಮಂಜು ಏರಿ ಬರುತ್ತದೆ ಬೆಳಗಿನ ಜಾವ,
ಮುಖ ತೊಯ್ಯುತ್ತದೆ, ಕೊಡ ತುಂಬುವುದಿಲ್ಲ.
ನೀರಿನ ಲಾರಿ ಗುರುವಾರ. ಬಂದರೆ.

ಲೆಕ್ಕ ಬರೆಯುವವಳು ನಾನು, ಒರಿಯಾನಾ.
ಮಗನ ಹಳೇ ನೋಟುಬುಕ್ಕು, ಅಂಚಿನಲ್ಲಿ ಏಳರ ಮಗ್ಗಿ, ತಪ್ಪಾಗಿ.
ಬೇಳೆ ಆರು ಕಿಲೊ. ಎಣ್ಣೆ ಒಂದು ಲೋಟ.
ಈರುಳ್ಳಿ ಕಡ. ಮೀನಿನ ತಲೆ ಧರ್ಮಕ್ಕೆ.
ತಟ್ಟೆ: ತೊಂಬತ್ತೆರಡು.

ಸಾಲಿನಲ್ಲಿ ನಾಲ್ಕು ದೇಶದವರು,
ಒಬ್ಬರ ಬೈಗುಳ ಒಬ್ಬರಿಗೆ ತಿಳಿಯುವಷ್ಟು
ನೆಂಟಸ್ತಿಕೆ ಬೆಳೆದಿದೆ.
ಮೊದಲ ವರ್ಷ ನಾನೇ ಕೇಳಿದ್ದೆ, ಬಾಯಿಬಿಟ್ಟೇ:
ಇವರಿಗೇಕೆ ನಮ್ಮ ಬೇಳೆ?
ಹೈಟಿಯ ವಿಲ್ಫ್ರಾನ್ಸ್ ಉತ್ತರ ಕೊಡಲಿಲ್ಲ,
ಕೊಡಲಿ ತಗೊಂಡು ಸೌದೆ ಸೀಳಿದ.

ಊರಾಚೆ ಮರಳಲ್ಲಿ ಬಟ್ಟೆಯದೇ ಒಂದು ಗುಡ್ಡ.
ಎಲ್ಲೆಲ್ಲಿನವರೋ ತೊಟ್ಟು ಬಿಟ್ಟದ್ದು ಹಡಗಿನಲ್ಲಿ ಬರುತ್ತದೆ,
ಮಾರಿದ್ದು ಮಾರಿ ಮಿಕ್ಕಿದ್ದನ್ನು
ರಾತ್ರಿ ಸುರಿದು ಹೋಗುತ್ತಾರೆ.
ಅಲ್ಲಿಂದ ನೀಲಿ ಕೋಟೊಂದನ್ನು ಎಳೆದು ತಂದಳು ಯೂಲೆಸ್ಕಾ,
ಹದಿನಾಲ್ಕರ ಹುಡುಗಿ, ಕರಾಕಸಿನಿಂದ ಬಹುಪಾಲು ನಡೆದೇ ಬಂದವಳು.
ಹೊರಗೆ ಒಳ್ಳೆಯ ಉಣ್ಣೆ.
ಒಳಗೆ ಅಸ್ತರಿನಲ್ಲಿ ಹೊಲಿಗೆ, ಹೊಲಿಗೆಯ ಮೇಲೆ ಹೊಲಿಗೆ,
ಮೂರು ಬಣ್ಣದ ದಾರ.

ಜೇಬಿನಲ್ಲಿ ಚೀಟಿ.
ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು,
ಶಾಲೆಯ ಇಂಗ್ಲಿಷು:
ಓಲ್ಡಮ್. ಜನವರಿ. ಗ್ಯಾಸು, ಎರಡು ಪೌಂಡು.
ಹಳೇ ಬಾಕಿಗೆ ಮುರಿದದ್ದು ಒಂದು.
ಹಿಂದೆ, ಪೆನ್ಸಿಲಿನಲ್ಲಿ: ಹಾಲು, ಬ್ರೆಡ್ಡು, ಬೆಕ್ಕಿನ ತಿಂಡಿ.
ಬ್ರೆಡ್ಡಿನ ಮೇಲೆ ಗೀಟು.

ತಂದಾಯಿತು ಅಂತಲೋ, ಬೇಡ ಅಂತಲೋ?
ಬೇಳೆ ಬೇಯುವ ತನಕ ವಾದ.
ಗ್ಯಾಸನ್ನೂ ಚಮಚದ ಲೆಕ್ಕದಲ್ಲಿ ಕೊಳ್ಳುತ್ತಾರಾ ಅಲ್ಲಿ,
ನಾನು ಎಣ್ಣೆ ಕೊಳ್ಳುವ ಹಾಗೆ? ಅಂದಳು ಸಾತುರ್ನಿನಾ.
ನಮ್ಮೂರಲ್ಲಿ ಇದ್ದಿಲು ಹೀಗೇ, ಡಬ್ಬಿ ಡಬ್ಬಿ, ಅಂದ ವಿಲ್ಫ್ರಾನ್ಸ್.
ಬೆಕ್ಕಿಗೆ ಮಾತ್ರ ಗೀಟು ಹಾಕಲಿಲ್ಲ ನೋಡಿ,
ಅಂದಳು ಹುಡುಗಿ. ಯಾರೂ ನಗಲಿಲ್ಲ.

ಆ ಹೆಂಗಸಿನ ಮೇಲೆ ನನಗೆ ಪ್ರೀತಿ ಉಕ್ಕಿತು ಎನ್ನಲಾರೆ.
ಹೆಂಗಸೋ ಗಂಡಸೋ, ಅದೂ ಗೊತ್ತಿಲ್ಲ.
ಅವಳಿಗೆ ಗೋಡೆ ಇದೆ, ತಿರುಗಿಸಿದರೆ ಸುರಿಯುವ ನಲ್ಲಿ ಇದೆ,
ಹೆಸರಿದ್ದ ಬೀದಿ ಇದೆ.
ಆದರೆ ಎರಡು ಪೌಂಡನ್ನು ಅವಳು ಎಣಿಸಿದ ರೀತಿ ನನಗೆ ಗೊತ್ತು.
ಒಂದೊಂದೇ ನಾಣ್ಯ ಮೇಜಿನ ಅಂಚಿಗೆ ಒತ್ತಿ,
ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ,
ಎಲ್ಲಾದರೂ ಹೆಚ್ಚಾದೀತೇನೋ ಎಂದು.

ಕೋಟು ವಿಲ್ಫ್ರಾನ್ಸನಿಗೆ ಹೋಯಿತು, ಗೋದಾಮಿನ ರಾತ್ರಿ ಕಾವಲಿಗೆ.
ತೋಳು ಗಿಡ್ಡ. ತೊಟ್ಟುಕೊಂಡ.
ನಾನು ತೊಂಬತ್ತೆರಡನ್ನು ಹೊಡೆದು ತೊಂಬತ್ತಮೂರು ಮಾಡಿದೆ.
ಯಾರದಿದು? ಎಂದಳು ಸಾತುರ್ನಿನಾ, ಸೌಟು ಎತ್ತಿ ಹಿಡಿದು.
ಬಡಿಸು, ಅಂದೆ.

ಯಾರೂ ಬರಲಿಲ್ಲ, ಬರುವುದೂ ಇರಲಿಲ್ಲ.
ಆರುವ ಮೊದಲು, ಎರಡನೇ ಸಲ ಸಾಲಿಗೆ ನುಸುಳಿದ ಹುಡುಗನೊಬ್ಬ
ಮುಖವೆತ್ತದೆ ತಿಂದ.

ಚೀಟಿ ನೋಟುಬುಕ್ಕಿನಲ್ಲಿದೆ.
ಗುರುವಾರ ಲಾರಿ ಬಂದರೆ
ನೀರಿನ ಲೆಕ್ಕ ಅದರ ಹಿಂದೆಯೇ ಬರೆಯಬೇಕು,
ಬೆಕ್ಕಿನ ತಿಂಡಿಯ ಕೆಳಗೆ.
ಹಾಳೆ ಮುಗಿದಿದೆ.